ಕೈಗಳಿಗೆ ಗೊತ್ತಿದ್ದದ್ದು

ನೀಲವ್ವ ಕಮ್ಮಾರಳ ಎಡಗೈ ಮೊದಲ ಸಲ ಅವಳ ಮಾತು ಮೀರಿದ್ದು ಒಂದು ಮಂಗಳವಾರ ಬೆಳಿಗ್ಗೆ, ಚಹಾದ ಹೊತ್ತಿಗೆ ಸ್ವಲ್ಪ ಮುಂಚೆ. ಹುಬ್ಬಳ್ಳಿಯ ಹೊರವಲಯದಲ್ಲಿದ್ದ ಚಕ್ರಾಂಕ ಸರ್ವಿಸ್ ಶಾಖೆಯಲ್ಲಿ, ಸರಕು ಸಾಗಿಸುವ ಸಣ್ಣ ಗಾಡಿಯೊಂದರ ಬಾನೆಟ್ ಎತ್ತಿ ಅವಳು ಫ್ಯಾನ್ ಬೆಲ್ಟಿನ ಬಿಗಿ ನೋಡುತ್ತಿದ್ದಳು. ಪಕ್ಕದ ಗಾಡಿಯ ಒಳಗೆಲ್ಲೋ ಎಂಜಿನ್ ಶುರು ಮಾಡುವ ರಿಲೇ 'ಟಿಕ್' ಎಂದಿತು. ಅಷ್ಟೇ. ಅವಳ ಎಡಗೈ ಬೆಲ್ಟನ್ನು ಬಿಟ್ಟು ಹಿಂದಕ್ಕೆ ಹಾರಿ ಅವಳ ಎದೆಗೇ ಬಡಿಯಿತು. ಮೊಣಕೈ ತಾಗಿ ಬಾನೆಟ್ಟಿನ ಆಧಾರದ ಕಡ್ಡಿ ಜಾರಿತು. ಬಾನೆಟ್ ಧಡ್ ಎಂದು ಮುಚ್ಚಿಕೊಂಡಿತು.

"ಏನಾತು ನೀಲವ್ವಾ?" ಎಂದು ಆಚೆ ಬದಿಯಿಂದ ಗುರುಪಾದಪ್ಪ ಕೂಗಿದ. ಅವನು ಆ ಶಾಖೆಯ ಹಿರಿಯ ಮೆಕ್ಯಾನಿಕ್, ಕೆಲಸಗಾರರ ಸಂಘದ ಕಾರ್ಯದರ್ಶಿಯೂ ಹೌದು.

"ಏನಿಲ್ಲ ಕಾಕಾ. ಗ್ಲೌಸು ಜಗ್ಗಿತು."

ಗ್ಲೌಸು ಜಗ್ಗುವುದು ಹೊಸದಲ್ಲ. ಅದು ಇದ್ದದ್ದೇ ಜಗ್ಗಲಿಕ್ಕೆ. ಚಕ್ರಾಂಕ ಕಂಪನಿ ಎರಡು ವರ್ಷದ ಹಿಂದೆ ತನ್ನ ನಲವತ್ತು ಶಾಖೆಗಳ ಎಲ್ಲ ಕೆಲಸಗಾರರಿಗೂ ಈ ಕಪ್ಪು ಗವಸುಗಳನ್ನು ಕೊಟ್ಟಿತ್ತು. ಕೂದಲಿಗಿಂತ ತೆಳುವಾದ ಎಳೆಗಳು ಅದರೊಳಗೆ ಬೆರಳುಗಳ ಉದ್ದಕ್ಕೂ ಹರಡಿಕೊಂಡಿದ್ದವು. ಅಪಾಯ ಹತ್ತಿರ ಬಂದರೆ ಆ ಎಳೆಗಳು ಬಿಗಿದು, ಮಿದುಳಿಗೆ ಸುದ್ದಿ ಮುಟ್ಟುವ ಮೊದಲೇ ಕೈಯನ್ನು ಹಿಂದಕ್ಕೆಳೆಯುತ್ತಿದ್ದವು. ಒಂದು ಗವಸು ಕಲಿತದ್ದು ಮರುದಿನ ಎಲ್ಲ ಗವಸುಗಳಿಗೂ ತಲುಪುತ್ತಿತ್ತು. ಬಿಸಿ ಸೈಲೆನ್ಸರ್, ಬ್ಯಾಟರಿಯ ಕಿಡಿ, ಜಾರುವ ಜಾಕ್, ಹೀಗೆ ಒಂದೊಂದಕ್ಕೂ ಒಂದೊಂದು ಪಾಠ. ಶಾಖೆಯ ಬಾಗಿಲಿನ ಮೇಲೆ ದೊಡ್ಡ ಫಲಕವೊಂದು ತೂಗುತ್ತಿತ್ತು: 'ಗವಸು ಬಂದ ದಿನದಿಂದ ಇಂದಿನವರೆಗೆ ಕೈ ಅಪಘಾತ: ಸೊನ್ನೆ.'

ಗಾಡಿಗೆ ಏನಾಗಿದೆ ಎಂದು ಹೇಳುವುದು ಈಗ ಮೆಕ್ಯಾನಿಕ್ಕನ ಕೆಲಸವಾಗಿ ಉಳಿದಿರಲಿಲ್ಲ. ಧಾರವಾಡದ ಕಂಟ್ರೋಲ್ ರೂಮಿನಲ್ಲಿ ಕುಳಿತವರು ನಲವತ್ತು ಶಾಖೆಗಳ ಗಾಡಿಗಳನ್ನು ಪರದೆಯ ಮೇಲೆ ನೋಡಿ, ಬೇಕಾದಾಗ ಅಲ್ಲಿಂದಲೇ ಎಂಜಿನ್ ಶುರು ಮಾಡುತ್ತಿದ್ದರು. ಅದಕ್ಕೆ ಮೊದಲು ಇಲ್ಲಿರುವವರು ಕಂಬದ ಮೇಲಿನ ಹಸಿರು ಗುಂಡಿ ಒತ್ತಬೇಕು. 'ನನ್ನ ಕೈ ಹೊರಗಿದೆ, ಶುರು ಮಾಡಿ' ಎಂದು ಅದರ ಅರ್ಥ. ಗುಂಡಿ ಒತ್ತದೆ ಎಂಜಿನ್ ತಿರುಗುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.

ಆದರೆ ಗವಸು ಟಿಕ್ ಎಂಬ ಸದ್ದಿಗೆ ಹೆದರುತ್ತದೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಆ ವಾರ ಅದು ದಿನಕ್ಕೆ ಐದಾರು ಸಲ ಆಯಿತು. ನೀಲವ್ವನಿಗಷ್ಟೇ ಅಲ್ಲ, ಶಾಖೆಯ ಒಂಬತ್ತೂ ಮಂದಿಗೆ. ಎಲ್ಲರದೂ ಎಡಗೈಯೇ.

*

ಶನಿವಾರ ಸಂಜೆ ಮನೆಯಲ್ಲಿ ನೀಲವ್ವ ಅನ್ನದ ಬೋಗುಣಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಲೈಟರ್ ಒತ್ತಿದಳು. ಟಿಕ್. ಬೋಗುಣಿ ಹಾರಿ ಗೋಡೆಗೆ ಬಡಿದು ನೀರು, ಅಕ್ಕಿ ಎಲ್ಲ ನೆಲದ ತುಂಬಾ ಚೆಲ್ಲಿತು. ಎಡಗೈ ಎದೆಗೆ ಅವುಚಿಕೊಂಡಿತ್ತು.

ಅವಳು ಕೈಯನ್ನೇ ನೋಡುತ್ತಾ ನಿಂತಳು. ಗವಸು ಇರಲಿಲ್ಲ. ಅದನ್ನು ಶಾಖೆಯ ಕಪಾಟಿನಲ್ಲಿ ಇಟ್ಟು ಬಂದಿದ್ದಳು. ಬರಿಗೈ. ಬಳೆ, ಎಣ್ಣೆಗಪ್ಪು ಹಿಡಿದ ಉಗುರು, ತನ್ನದೇ ಕೈ.

ಅತ್ತೆ ಕಾಳವ್ವ ಒಳಗೆ ಬಂದು ನೆಲ ನೋಡಿದಳು, ಸೊಸೆಯ ಮುಖ ನೋಡಿದಳು. "ಯಾಕವ್ವಾ, ಕರೆಂಟ್ ಹೊಡೀತೇನು?"

"ಇಲ್ರಿ ಅತ್ತಿ. ಕೈ ತಾನ ಹಾರಿತು."

"ಕುಂದ್ರು ಅಲ್ಲೆ. ನಾ ಬಳೀತೀನಿ."

ಕಾಳವ್ವ ಅಕ್ಕಿ ಬಳಿಯುತ್ತಿದ್ದಾಗ ನೀಲವ್ವ ಬಾಗಿಲ ಬಳಿ ಕುಳಿತು, ನೆಲ ಒರೆಸಲೆಂದು ತಂದಿದ್ದ ಹಳೆಯ ಬಟ್ಟೆಯ ಚೂರನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಕಾಳವ್ವ ತಲೆ ಎತ್ತಿ, ಕೈಯಲ್ಲಿದ್ದ ಮೊರವನ್ನು ನಿಧಾನವಾಗಿ ಕೆಳಗಿಟ್ಟಳು.

"ನೀಲಾ, ಏನ್ ಮಾಡಾಕತ್ತಿ?"

ನೀಲವ್ವ ಕೆಳಗೆ ನೋಡಿದಳು. ಅವಳ ಎಡಗೈ ಆ ಬಟ್ಟೆಯನ್ನು ಬಲ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿ, ತುದಿಯನ್ನು ಹೆಬ್ಬೆರಳಿನಿಂದ ಒಳಗೆ ತಳ್ಳಿ, ಒಂದೇ ಕೈಯಲ್ಲಿ ಗಂಟು ಹಾಕಿ ಮುಗಿಸಿತ್ತು. ಬಿಗಿಯಾದ, ಚಪ್ಪಟೆಯಾದ, ಅಂದವಾದ ಗಂಟು. ಅಂಥ ಗಂಟನ್ನು ಅವಳು ಜನ್ಮದಲ್ಲಿ ಹಾಕಿರಲಿಲ್ಲ. ಎಡಗೈಯಲ್ಲಿ ಅವಳಿಗೆ ಒಂದು ಅಕ್ಷರ ಬರೆಯಲೂ ಬರುತ್ತಿರಲಿಲ್ಲ.

"ಯಾರ್ ಕಲಿಸಿದ್ರು ಇದನ್ನ?" ಎಂದಳು ಕಾಳವ್ವ.

"ಯಾರೂ ಕಲಿಸಿಲ್ಲ."

ಕಾಳವ್ವ ಹತ್ತಿರ ಬಂದು ಸೊಸೆಯ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡಳು. ಕಮ್ಮಾರಸಾಲೆಯಲ್ಲಿ ನಲವತ್ತು ವರ್ಷ ತಿದಿ ಒತ್ತಿದ ಹೆಂಗಸು ಅವಳು, ಕೈಗಳನ್ನು ಬಲ್ಲವಳು. ತಿರುಗಿಸಿ ನೋಡಿ, ಮೆಲ್ಲಗೆ ಬಿಟ್ಟಳು. "ಇದು ಗಂಡಸಿನ ಗಂಟು. ಕೆಲಸ ಮಾಡಿ ಮಾಡಿ ಬಂದಿದ್ದು. ನಿನ್ನ ಕೈಯಾಗ ಯಾರೋ ಬಂದ್ ಕುಂತಾರವ್ವಾ." ಅವಳು ಹೆದರಿಸಲು ಹೇಳಿರಲಿಲ್ಲ, ಇದ್ದದ್ದನ್ನು ಹೇಳಿದ್ದಳು.

*

ಸೋಮವಾರ ನೀಲವ್ವ ಗುರುಪಾದಪ್ಪನ ಮುಂದೆ ಬಟ್ಟೆಯ ಚೂರು ಹಿಡಿದು, ಕೈ ಸಡಿಲ ಬಿಟ್ಟಳು. ಗಂಟು ಬಿತ್ತು. ಗುರುಪಾದಪ್ಪನ ಬಾಯಲ್ಲಿದ್ದ ಎಲೆಯಡಿಕೆ ಅಲ್ಲೇ ನಿಂತಿತು.

"ಇದು ದಾವಲಸಾಬನ ಗಂಟು."

"ಯಾರ್ ಕಾಕಾ ದಾವಲಸಾಬ ಅಂದ್ರ?"

"ದಾವಲಸಾಬ ನದಾಫ. ಗದಗ ಶಾಖೆದಾಗ ನನ್ನ ಕೂಡ ಇದ್ದ. ಎಡಚ. ವೇಸ್ಟ್ ಬಟ್ಟಿ ಹಿಂಗ ಕೈಗೆ ಕಟ್ಕೊಂಡೇ ಎಂಜಿನ್ನಿಗೆ ಕೈ ಹಾಕಾಂವ. ಹೋದ ವರ್ಷ ಕೆಲಸ ಬಿಟ್ಟು ಗೋವಾಕ್ಕ ಹೋದ ಅಂತ ಹೇಳಿದ್ರು."

ಆ ಗುರುವಾರ ಧಾರವಾಡದಿಂದ ಶಾಲ್ಮಲಾ ಬಂದಳು. ಗವಸುಗಳನ್ನು ವಾರಕ್ಕೊಮ್ಮೆ ಪರೀಕ್ಷಿಸುವ ತಂತ್ರಜ್ಞೆ ಅವಳು; ಮೂವತ್ತರ ಆಸುಪಾಸು, ಕಡಿಮೆ ಮಾತಿನವಳು. ನೀಲವ್ವ ಎಲ್ಲವನ್ನೂ ಹೇಳಿ ಗಂಟನ್ನೂ ತೋರಿಸಿದಳು. ಶಾಲ್ಮಲಾ ಅದನ್ನು ಮೂರು ಸಲ ಹಾಕಿಸಿ ನೋಡಿದಳು.

"ನೀಲವ್ವಕ್ಕಾ, ಗವಸು ಒಂದು ಪಾಠ ಕಲೀಬೇಕಾದ್ರ ಅಪಘಾತದ ಹಿಂದುಮುಂದಿನ ಒಂದು ನಿಮಿಷ ಪೂರ್ತಿ ತನ್ನೊಳಗ ಇಟ್ಕೋತದ. ನಿಮಗ ಕಳಸೂ ಮುಂದ ಬರೇ ಕೈ ಜಗ್ಗೂದಷ್ಟೇ ಕಳಸಬೇಕು. ಹೋದ ತಿಂಗಳ ಹಳೇ ಪಾಠ ಎಲ್ಲಾ ಮತ್ತೊಮ್ಮೆ ಕಳಿಸಿದಾಗ ಉಳಿದದ್ದೂ ಸ್ವಲ್ಪ ಸೋರಿ ಬಂದದ ಅನಸ್ತದ. ದಿನಾ ಎಂಟು ತಾಸು ಹಾಕ್ಕೊಂಡ್ರ ನರಾನೂ ಅದನ್ನ ಕಲ್ತುಬಿಡ್ತಾವ."

"ಅಂದ್ರ ಯಾರದೋ ಕೈ ಖರೇನ ಸಿಕ್ಕಿತ್ತು ಅಂದಂಗಾತು."

ಶಾಲ್ಮಲಾ ಉತ್ತರಿಸುವ ಮೊದಲು ಬಾಗಿಲಿನ ಮೇಲಿನ ಫಲಕದತ್ತ ನೋಡಿದಳು. "ಗವಸಿಗೆ ಕಲ್ಪನಾ ಮಾಡ್ಕೊಳ್ಳಾಕ ಬರೂದಿಲ್ಲ ಅಕ್ಕಾ," ಎಂದಳು.

ಶಾಖೆಯ ಮ್ಯಾನೇಜರ್, ಶೀಲವಂತರ ಎಂಬಾತ, ಅದೇ ದಿನ ನೀಲವ್ವನಿಗೆ ನೋಟಿಸ್ ಕೊಟ್ಟ. ಕೆಲಸ ನಿಧಾನ, ಕಾರಣವಿಲ್ಲದೆ ಪದೇ ಪದೇ ಕೈ ಹಿಂದೆಳೆದುಕೊಳ್ಳುವುದು. "ಇದಕ್ಕೆಲ್ಲ ಔಷಧ ಬರಾಕತ್ತೈತಿ ಬಿಡ್ರಿ," ಎಂದ. "ಇನ್ನ ಎರಡು ವಾರಕ್ಕ ಗ್ಲೌಸಿನ ಪಾಠ ಎಲ್ಲಾ ಅಳಿಸಿ ಹೊಸಾವು ಹಾಕ್ತಾರ. ಸುಮ್ಮಸುಮ್ಮನ ಬೆಚ್ಚೋದು ನಿಲ್ತೈತಿ."

*

ಶಾಲ್ಮಲಾ ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಧಾರವಾಡದ ಲ್ಯಾಬಿಗೆ ಬಂದಳು. ಅಲ್ಲಿ ಉದ್ದನೆಯ ಮೇಜಿನ ಮೇಲೆ ಮೂವತ್ತೊಂದು ರಬ್ಬರ್ ಕೈಗಳನ್ನು ಮೊಣಕೈವರೆಗೆ ನೆಟ್ಟಗೆ ನಿಲ್ಲಿಸಿದ್ದರು, ಒಂದೊಂದಕ್ಕೂ ಒಂದೊಂದು ಗವಸು ತೊಡಿಸಿ. ಪ್ರತಿದಿನ ಒಂದೊಂದು ಕೈಯಲ್ಲಿ ಒಂದೊಂದು ಪಾಠ ಓಡಿಸಿ ಎಳೆಗಳು ಸರಿಯಾಗಿವೆಯೇ ಎಂದು ನೋಡುವುದು ಅವಳ ಕೆಲಸ. ಎರಡು ವರ್ಷ ಮಾಡಿದ್ದಳು. ಎಳೆಗಳ ಬಿಗಿತದ ಅಂಕಿ ನೋಡುತ್ತಿದ್ದಳೇ ಹೊರತು ಕೈಗಳನ್ನು ನೋಡಿರಲಿಲ್ಲ.

ಆ ದಿನ ಪರದೆ ಆರಿಸಿ, ಕುರ್ಚಿ ಎಳೆದುಕೊಂಡು ಕುಳಿತು ನೋಡಿದಳು.

ಮೊದಲ ಒಂಬತ್ತು ಕೈಗಳು ಯಂತ್ರದ ಹಾಗೆ ಹಿಂದೆ ಸರಿದವು. ಅವು ಲ್ಯಾಬಿನಲ್ಲೇ, ಗೊಂಬೆಯ ಕೈ ಇಟ್ಟು ಕಲಿಸಿದ ಪಾಠಗಳು. ಹತ್ತನೆಯದರಿಂದ ಬೇರೆಯೇ ಶುರುವಾಯಿತು. ಹತ್ತನೆಯ ಕೈ ಸೆಳೆದುಕೊಂಡ ಮೇಲೆ ಬೆರಳುಗಳನ್ನು ಗಾಳಿಯಲ್ಲಿ ಝಾಡಿಸಿತು, ಸುಟ್ಟ ಕೈಯನ್ನು ಮನುಷ್ಯರು ಝಾಡಿಸುವ ಹಾಗೆ. ಹನ್ನೆರಡನೆಯದು ಮುಷ್ಟಿ ಬಿಗಿದು ಬಿಗಿದು ಬಿಚ್ಚಿತು. ಹದಿನಾಲ್ಕನೆಯದು ಪಕ್ಕದಲ್ಲಿ ಹಿಡಿದುಕೊಳ್ಳಲು ಯಾರಾದರೂ ಇದ್ದಾರೆಯೇ ಎಂದು ತಡಕಾಡಿತು. ಹದಿನೇಳನೆಯದು ಇಲ್ಲದ ಬಟ್ಟೆಯನ್ನು ಇಲ್ಲದ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿ, ಹೆಬ್ಬೆರಳಿನಿಂದ ತುದಿ ತಳ್ಳಿ, ಮುಂದಕ್ಕೆ ಬಾಗಿ, ಒಮ್ಮೆಗೇ ಹಿಂದಕ್ಕೆ ಹಾರಿತು. ಹಾರಿದ ಮೇಲೆ ನಾಲ್ಕು ಬೆರಳುಗಳು ಅಲುಗಲಿಲ್ಲ. ಹೆಬ್ಬೆರಳು ಮಾತ್ರ ಒಂದೊಂದು ಬೆರಳಿನ ಜಾಗವನ್ನೂ ಮುಟ್ಟಿ ನೋಡುತ್ತಿತ್ತು.

ಶಾಲ್ಮಲಾ ಎದ್ದು ಕಿಟಕಿ ತೆರೆದಳು. ಹಿಂದೆ ಕೈಗಳು ಸರಸರ ಸದ್ದು ಮಾಡುತ್ತಲೇ ಇದ್ದವು.

ಪ್ರತಿ ಪಾಠಕ್ಕೂ ಶಾಖೆ, ತಾರೀಖು, ಎಂಜಿನ್ ಶುರುವಾದ ಹೊತ್ತು ದಾಖಲಾಗುತ್ತಿತ್ತು. ಹದಿನೇಳನೆಯದರ ಮುಂದೆ ಗದಗ ಎಂದಿತ್ತು. ಎಂಜಿನ್ ಶುರು ಮಾಡಿದ್ದು: ಕಂಟ್ರೋಲ್ ರೂಮ್. ಹಸಿರು ಗುಂಡಿ: ಕಾಯಲಿಲ್ಲ. ಅವಳು ಹಳೆಯ ದಾಖಲೆ ತೆಗೆದಳು. ಗುಂಡಿಗಾಗಿ ಕಾಯುವುದರಿಂದ ಪ್ರತಿ ಗಾಡಿಗೂ ಸಮಯ ಹಾಳಾಗುತ್ತದೆಂದು, ಕಾಯುವುದನ್ನೇ ತೆಗೆದುಹಾಕಿ ಒಂದು ವರ್ಷವಾಗಿತ್ತು. ಕಂಬಗಳ ಮೇಲಿನ ಹಸಿರು ಗುಂಡಿಗಳು ಈಗ ಯಾವುದಕ್ಕೂ ಜೋಡಿಸಿರಲಿಲ್ಲ. ನಲವತ್ತು ಶಾಖೆಗಳಲ್ಲಿ ಜನ ಅವನ್ನು ಒತ್ತುತ್ತಲೇ ಇದ್ದರು.

ವಿಭಾಗದ ಮುಖ್ಯಸ್ಥನ ಬಳಿ ಹೋಗಿ ಕೇಳಿದಾಗ ಅವನು ನಯವಾಗಿಯೇ ಹೇಳಿದ: "ಗವಸು ಇದೆಯಲ್ಲಾ, ಅದೇ ಕಾಯುತ್ತದೆ. ಒಬ್ಬರಿಗೆ ಆದದ್ದು ಎರಡನೆಯವರಿಗೆ ಆಗುವುದಿಲ್ಲ."

"ಮೊದಲನೆಯವರು, ಸರ್?"

"ಅವರೆಲ್ಲ ತಮ್ಮದೇ ತಪ್ಪೆಂದು ಬರೆದುಕೊಟ್ಟಿದ್ದಾರೆ. ನೀವು ಎಳೆಗಳನ್ನು ನೋಡಿಕೊಳ್ಳಿ."

*

ಭಾನುವಾರ ನೀಲವ್ವ, ಗುರುಪಾದಪ್ಪ ದಾವಲಸಾಬನ ಮನೆ ಹುಡುಕಿಕೊಂಡು ಗದಗಿಗೆ ಹೋದರು. ದಾವಲಸಾಬ ಗೋವಾಕ್ಕೆ ಹೋಗಿರಲಿಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು, ಹೆಂಡತಿ ಹುಸೇನಬಿ ಹೊಲಿಯುತ್ತಿದ್ದ ಗಾದಿಗೆ ಬಲಗೈಯಿಂದ ಹತ್ತಿ ಬಿಡಿಸಿ ಬಿಡಿಸಿ ತುಂಬುತ್ತಿದ್ದ. ಎಡಗೈಯನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದ.

ಗುರುಪಾದಪ್ಪನನ್ನು ಕಂಡು ಮುಖ ಅರಳಿತು, ಮರುಕ್ಷಣವೇ ಮುಚ್ಚಿಕೊಂಡಿತು. "ಕಂಪನಿಯಿಂದ ಬಂದೀರೇನು?"

"ಕಂಪನಿಯಾವ್ರಲ್ಲೋ ಮಾರಾಯಾ, ನಾವ ಬಂದೀವಿ."

"ನಾ ಏನೂ ಹೇಳಂಗಿಲ್ಲ. ಕಾಗದಕ್ಕ ಸಹಿ ಮಾಡೀನಿ."

"ಏನಂತ ಬರ್ದಿತ್ತು ಚಾಚಾ ಅದ್ರಾಗ?" ಎಂದಳು ನೀಲವ್ವ.

"ನಂದ ತಪ್ಪು, ಯಾರ ಮುಂದೂ ಮಾತಾಡಂಗಿಲ್ಲ ಅಂತ. ದವಾಖಾನ್ಯಾಗ ಮಲಗಿದ್ದೆ ಬೇಟಿ. ಈ ಕೈಗೆ ಪಟ್ಟಿ ಕಟ್ಟಿದ್ರು. ಬಲಗೈಲೆ ಹಾಕಸ್ಕೊಂಡ್ರು ಸಹಿ. ನಾ ಎಡಚ. ಅದು ನೋಡಾಕೂ ನನ್ನ ಸಹಿ ಇದ್ದಂಗ ಇಲ್ಲ."

ಹುಸೇನಬಿ ಸೂಜಿ ನಿಲ್ಲಿಸದೆ, "ಹೋಗ್ರಿ ಯವ್ವಾ, ಆದದ್ದ ಸಾಕು," ಎಂದಳು.

ನೀಲವ್ವನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಕಟ್ಟೆಯ ಮೇಲೆ ಬಿದ್ದಿದ್ದ ಗಾದಿಬಟ್ಟೆಯ ಒಂದು ತುಂಡನ್ನು ಎತ್ತಿಕೊಂಡು, ಎಡಗೈಯನ್ನು ಅದರ ಪಾಡಿಗೆ ಬಿಟ್ಟಳು.

ಎರಡು ಸುತ್ತು. ಹೆಬ್ಬೆರಳಿನ ತಳ್ಳು. ಗಂಟು.

ಹುಸೇನಬಿಯ ಸೂಜಿ ನಿಂತಿತು. ಗಂಡ ಕೆಲಸಕ್ಕೆ ಹೊರಡುವಾಗ ಮೂವತ್ತು ವರ್ಷ ಪ್ರತಿ ಬೆಳಿಗ್ಗೆ ಕಂಡ ಗಂಟು ಅದು. ಅವಳು ಗಂಡನ ಮುಖ ನೋಡಲಿಲ್ಲ, ನೀಲವ್ವನ ಕೈಯನ್ನೇ ನೋಡುತ್ತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದಾವಲಸಾಬ ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟ.

"ಇನ್ನೊಮ್ಮೆ ಕಟ್ಟು," ಎಂದ. ಕಟ್ಟಿದಳು. "ಇನ್ನೊಮ್ಮೆ."

ಮೂರನೆಯ ಸಲ ಅವನು ಟವೆಲು ಬಿಚ್ಚಿದ. ಹೆಬ್ಬೆರಳು ಮಾತ್ರ ಉಳಿದಿತ್ತು. ನೀಲವ್ವನ ಕೈ ಗಂಟು ಹಾಕುವಾಗ ಅದೂ ಅದರ ಜೊತೆಗೇ ಸಣ್ಣಗೆ ತಳ್ಳಿತು. ಟಿಕ್ ಎಂಬ ಸದ್ದಿಗೆ ತನ್ನ ಈ ಕೈ ಬೆಚ್ಚುವುದನ್ನು ನೀಲವ್ವ ಹೇಳಿದಳು.

"ಟಿಕ್ ಅಂದಿತ್ತು," ಎಂದ ದಾವಲಸಾಬ. "ನಾ ಗುಂಡಿ ಒತ್ತಿರಲಿಲ್ಲ. ಗುಂಡಿ ಒತ್ತದ ಅದು ಹೆಂಗ ಶುರು ಆತು ಅಂತ ದಿನಾ ಕೇಳ್ಕೋತೀನಿ. ಒತ್ತಿದ್ದೆ, ಮರತೀನಿ ಅಂತ ಅವ್ರು ಹೇಳಿದ್ರು. ಹೇಳಿ ಹೇಳಿ ನನಗೂ ಹಂಗ ಅನ್ಸಾಕತ್ತಿತ್ತು." ಅವನು ನೀಲವ್ವನ ಕೈಯನ್ನು ತೋರಿಸಿದ. "ನಾ ಒತ್ತಿ ಮರತಿದ್ದೆ ಅಂದ್ರ ಅದು ಯಾಕ ಬೆಚ್ಚಬೇಕು? ಈಗ ಶುರು ಆಕ್ಕೈತಿ ಅಂತ ಬಲ್ಲಾಂವ ಬೆಚ್ಚಂಗಿಲ್ಲ."

ಹೊರಡುವಾಗ ಅವನು, "ನನ್ನ ಕರೀರಿ. ಬರ್ತೀನಿ," ಎಂದ.

*

ಸಂಘದ ದೂರಿನ ಮೇಲೆ ಕಾರ್ಮಿಕ ಅಧಿಕಾರಿ ವೈಜಯಂತಿ ವಿಚಾರಣೆಗೆ ಸೋಮವಾರದ ದಿನ ಗೊತ್ತುಮಾಡಿದರು. ಅದರ ಹಿಂದಿನ ಶನಿವಾರವೇ, ಹೇಳಿದ ದಿನಕ್ಕಿಂತ ಮೊದಲೇ, ಕಂಪನಿ ನಲವತ್ತೂ ಶಾಖೆಗಳ ಗವಸುಗಳ ಪಾಠಗಳನ್ನು ಅಳಿಸಿಹಾಕಿತು. ಸಂಜೆ ನೀಲವ್ವ ಗವಸು ತೊಟ್ಟು ನೋಡಿದಳು. ಅದು ಸತ್ತ ಚರ್ಮದ ಹಾಗೆ ತಣ್ಣಗೆ ಕೂತಿತ್ತು.

ವಿಚಾರಣೆಯ ಕೋಣೆ ಸಣ್ಣದು. ಒಂದು ಬದಿಗೆ ಶಾಖೆಯ ಒಂಬತ್ತು ಮಂದಿ, ಪಕ್ಕದಲ್ಲಿ ದಾವಲಸಾಬ. ಎದುರಿಗೆ ಶೀಲವಂತರ, ಕಂಪನಿಯ ವಕೀಲ, ಅವರ ಹಿಂದೆ ಲ್ಯಾಬಿನ ಪರವಾಗಿ ಕರೆತಂದಿದ್ದ ಶಾಲ್ಮಲಾ.

ವಕೀಲ ಎದ್ದು ನಿಂತು ಸಾವಕಾಶವಾಗಿ ಮಾತಾಡಿದ. ದಾವಲಸಾಬ ತಪ್ಪೊಪ್ಪಿ ಸಹಿ ಮಾಡಿದ್ದಾನೆ. ಗವಸಿನ ಪಾಠಗಳೆಲ್ಲ ಲ್ಯಾಬಿನಲ್ಲಿ ಗೊಂಬೆಯ ಕೈಗಳಿಂದ ಆದದ್ದು. ಈಗ ಯಾವ ಗವಸು ಬೇಕಾದರೂ ಪರೀಕ್ಷಿಸಬಹುದು, ಅದರಲ್ಲಿ ಯಾರ ನೆನಪೂ ಇಲ್ಲ. ಮಾತು ಮುಗಿಸಿ ಕೂತು, ಏನೋ ಬರೆದುಕೊಳ್ಳಲು ಜೇಬಿನಿಂದ ಪೆನ್ನು ತೆಗೆದು ಅದರ ತಲೆ ಒತ್ತಿದ.

ಟಿಕ್.

ಎದುರಿನ ಬೆಂಚಿನಲ್ಲಿ ಒಂಬತ್ತು ಎಡಗೈಗಳು ಒಟ್ಟಿಗೆ ಹಾರಿ ಒಂಬತ್ತು ಎದೆಗಳಿಗೆ ಬಡಿದವು. ಬರಿಗೈಗಳು. ದಾವಲಸಾಬನ ತುಂಡುಗೈಯೂ ಟವೆಲಿನೊಳಗಿಂದ ಎದ್ದಿತ್ತು.

ಮೂಲೆಯಲ್ಲಿ ಬೆರಳಚ್ಚು ಮಾಡುತ್ತಿದ್ದ ಗುಮಾಸ್ತೆ ಎದ್ದು ನಿಂತಿದ್ದಳು.

"ಆ ಪೆನ್ನು ಇಲ್ಲಿ ಕೊಡಿ," ಎಂದರು ವೈಜಯಂತಿ.

"ಇವರೆಲ್ಲ ಮೊದಲೇ ಮಾತಾಡಿಕೊಂಡು—"

"ಕೊಡಿ."

ಅವರು ಪೆನ್ನನ್ನು ಮೇಜಿನ ಕೆಳಗೆ ಹಿಡಿದುಕೊಂಡರು. ಒಂಬತ್ತು ಮಂದಿಯನ್ನೂ ಗೋಡೆಗೆ ಮುಖ ಮಾಡಿ ನಿಲ್ಲಲು ಹೇಳಿದರು. ಸ್ವಲ್ಪ ಹೊತ್ತು ಬಿಟ್ಟು ಒತ್ತಿದರು. ಇನ್ನಷ್ಟು ಹೊತ್ತು ಬಿಟ್ಟು ಮತ್ತೆ ಒತ್ತಿದರು. ಪ್ರತಿಸಲವೂ ಒಂಬತ್ತು ಕೈಗಳು ಒಂದೇ ಕೈಯ ಹಾಗೆ ಹಾರಿದವು. ಮೂರನೆಯ ಸಲಕ್ಕೆ ನೀಲವ್ವನ ಪಕ್ಕದಲ್ಲಿದ್ದವನು ಗೋಡೆಗೆ ಹಣೆ ಹಚ್ಚಿ ಅಳತೊಡಗಿದ.

"ಸಾಕು. ಕೂಡ್ರಿ ನೀವೆಲ್ಲ," ಎಂದು ಪೆನ್ನನ್ನು ಮೇಜಿನ ಮೇಲಿಟ್ಟು ವೈಜಯಂತಿ ಶೀಲವಂತರನತ್ತ ತಿರುಗಿದರು. "ಇದನ್ನು ಇವರಿಗೆ ಕಲಿಸಿದವರು ಯಾರು?"

ಮ್ಯಾನೇಜರ್ ವಕೀಲನ ಮುಖ ನೋಡಿದ. ಉತ್ತರ ಬಂದದ್ದು ಹಿಂದಿನ ಕುರ್ಚಿಯಿಂದ.

"ಹದಿನೇಳನೇ ಪಾಠ, ಮೇಡಂ," ಎಂದು ಶಾಲ್ಮಲಾ ಎದ್ದು ನಿಂತಳು. "ಅದಕ್ಕ ನಂಬರ್ ಹಚ್ಚಿದಾಕಿ ನಾನ. ಗೊಂಬೆ ಕೈಯಿಂದ ಆಗಿದ್ದು ಒಂಬತ್ತ ಪಾಠ. ಉಳಿದ ಇಪ್ಪತ್ತೆರಡು ಮನುಷ್ಯಾರ ಕೈ. ಹಸಿರು ಗುಂಡಿಗಳಿಗೆ ವರ್ಷದಿಂದ ವೈರ್ ಇಲ್ಲ. ಲ್ಯಾಬಿನಾಗ ಇನ್ನೂ ಎಲ್ಲಾ ಅದ. ಇವತ್ತ ಸೀಲ್ ಮಾಡ್ರಿ. ನಾಳೆ ಇರೂದಿಲ್ಲ."

ಶಾಲ್ಮಲಾ ಆ ಕ್ಷಣದಲ್ಲೇ ಕೆಲಸ ಕಳೆದುಕೊಂಡಳು. ಸಂಜೆಯೊಳಗೆ ಲ್ಯಾಬಿಗೆ ಬೀಗಮುದ್ರೆ ಬಿತ್ತು. ಗುಂಡಿಗಳಿಗೆ ಜೀವ ಬರುವವರೆಗೆ ಕಂಟ್ರೋಲ್ ರೂಮಿನಿಂದ ಒಂದು ಎಂಜಿನ್ನನ್ನೂ ಶುರು ಮಾಡಕೂಡದೆಂದು ಆದೇಶವಾಯಿತು. ದಾವಲಸಾಬನ ಬಲಗೈ ಸಹಿ ಊರ್ಜಿತವಲ್ಲವೆಂದೂ, ಇಪ್ಪತ್ತೆರಡು ಮಂದಿಯನ್ನೂ ಹುಡುಕಿ ಹೇಳಿಕೆ ಪಡೆಯಬೇಕೆಂದೂ ಬರೆದರು.

*

ಇಪ್ಪತ್ತೊಂದು ಮಂದಿ ಸಿಕ್ಕರು. ಕೆಲವರು ಕಂಪನಿಯ ಬೇರೆ ಶಾಖೆಗಳಲ್ಲೇ ಕಾವಲುಗಾರರಾಗಿದ್ದರು, ಒಬ್ಬ ಹೋಟೆಲಿನಲ್ಲಿ ಎಡಗೈಯಿಂದ ಚಹಾ ಸೋಸುತ್ತಿದ್ದ. ಎಲ್ಲರೂ ಒಂದೇ ತರಹದ ಕಾಗದಕ್ಕೆ ಸಹಿ ಮಾಡಿದ್ದರು.

ಉಳಿದದ್ದು ಇಪ್ಪತ್ತಾರನೆಯ ಪಾಠ. ಅದು ಮಾತ್ರ ಯಾವ ಕೆಲಸಗಾರರ ಗವಸಿಗೂ ಹೋಗಿರಲಿಲ್ಲ. ಯಾಕೆಂದು ಶಾಲ್ಮಲಾ ನೀಲವ್ವನಿಗೆ ಹೇಳಿದಳು: "ಅದರೊಳಗ ಕೈ ಹಿಂದಕ್ಕ ಬರೂದಿಲ್ಲ ಅಕ್ಕಾ. ಕಲ್ಸೂದಕ್ಕ ಏನೂ ಇಲ್ಲ ಅದರಾಗ."

ಶಾಖೆ, ತಾರೀಖು ಇದ್ದವು, ಹೆಸರಿರಲಿಲ್ಲ. ಆ ಶಾಖೆಯವರನ್ನು ಕೇಳಿ ಕೇಳಿ ಕೊನೆಗೆ ತಿಳಿದದ್ದು, ಬ್ಯಾಡಗಿಯ ಬಸವಂತ ಎಂಬ ಗುತ್ತಿಗೆಯ ಕೆಲಸಗಾರ ಅದೇ ದಿನ ರಸ್ತೆ ದಾಟುವಾಗ ಲಾರಿ ಹಾಯ್ದು ತೀರಿಕೊಂಡನಂತೆ. ಹಾಗೆಂದು ಅವನ ಹೆಂಡತಿಗೆ ಕಂಪನಿಯವರು ಹೇಳಿದ್ದರು. ಅವಳು ದೂರು ಕೊಡದೆ ಆ ಸಾವು ಗ್ಯಾರೇಜಿನೊಳಗೆ ಆದದ್ದೆಂದು ಯಾರೂ ಬರೆದುಕೊಳ್ಳುವಂತಿರಲಿಲ್ಲ.

ಅವನ ಹೆಂಡತಿ ದ್ಯಾಮವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ನೀಲವ್ವ, ಶಾಲ್ಮಲಾ ಅವಳನ್ನು ಕಂಡರು. ಅವಳು ನಿಂತೇ ಕೇಳಿಸಿಕೊಂಡಳು.

"ಲಾರಿ ಹಾಯ್ತು ಅಂದ್ರಲ್ಲ. ನಾ ಮಣ್ಣು ಮಾಡಿ ಬಂದೀನಿ. ಈಗ ಬಂದು ಮತ್ತೊಂದು ಹೇಳ್ತೀರಿ. ಯಾರ್ದು ನಂಬ್ಲಿ? ಕೋರ್ಟು ಕಚೇರಿ ನಾ ಒಲ್ಲೆ."

"ನಂಬಬ್ಯಾಡ್ರಿ," ಎಂದಳು ನೀಲವ್ವ. "ಒಂದ್ ನಿಮಿಷ ನನ್ನ ಕೈ ಹಿಡೀರಿ ಸಾಕು."

ವೈಜಯಂತಿಯವರ ಅನುಮತಿಯಿಂದ ಲ್ಯಾಬಿನಿಂದ ತಂದಿದ್ದ, ಇಪ್ಪತ್ತಾರನೆಯ ಪಾಠವಿದ್ದ ಗವಸನ್ನು ಶಾಲ್ಮಲಾ ನೀಲವ್ವನ ಬಲಗೈಗೆ ತೊಡಿಸಿದಳು. ಎಳೆಗಳು ಅವಳ ಕೈಗೆ ಕೇಡು ಮಾಡದಷ್ಟು ಬಲ ತಗ್ಗಿಸಿದ್ದಳು. "ಕಡೀ ಹತ್ತು ಸೆಕೆಂಡು ತಗದ್ ಬಿಡ್ಲೇನ್ರಿ?" ಎಂದು ಕೇಳಿದಳು.

"ಏನೈತಿ ಅದ್ರಾಗ?"

ಶಾಲ್ಮಲಾ ತಲೆ ತಗ್ಗಿಸಿ ಗವಸಿನ ಅಂಚು ಸರಿಪಡಿಸಿದಳು. ದ್ಯಾಮವ್ವನಿಗೆ ಅರ್ಥವಾಯಿತು. ಹಿತ್ತಲಿಗೆ ಹೋಗಿ ಖಾರದ ಕೈಗಳನ್ನು ಎರಡೆರಡು ಸಲ ತೊಳೆದು ಬಂದು ಚಾಪೆಯ ಮೇಲೆ ಕುಳಿತಳು. "ಪೂರಾ ಇರ್ಲಿ," ಎಂದಳು.

ಕೈಗೆ ಜೀವ ಬಂತು. ಮೊದಲು ಸುಮ್ಮನೆ ತೊಡೆಯ ಮೇಲಿತ್ತು. ಆಮೇಲೆ ಹೆಬ್ಬೆರಳು ಉಂಗುರದ ಬೆರಳಿನ ಬುಡಕ್ಕೆ ಹೋಗಿ ಅಲ್ಲಿ ಇಲ್ಲದ್ದೊಂದನ್ನು ಮೆಲ್ಲಗೆ ತಿರುವತೊಡಗಿತು. ಒಂದು ಸುತ್ತು, ಮತ್ತೊಂದು ಸುತ್ತು.

"ಸಡ್ಲ ಆಗಿತ್ತು," ಎಂದಳು ದ್ಯಾಮವ್ವ ತನ್ನಷ್ಟಕ್ಕೆ. "ಮದುವಿಯಾಗ ನಮ್ಮಪ್ಪ ಹಾಕಿದ್ದು. ದೊಡ್ಡದ ಆಗಿತ್ತು. ಹಿಂಗ ತಿರುವ್ಕೋತ ಇರ್ತಿದ್ದ." ಅವಳು ಎರಡೂ ಕೈಯಿಂದ ಆ ಕೈಯನ್ನು ಹಿಡಿದುಕೊಂಡಳು.

ಕೈ ಮುಂದಕ್ಕೆ ಚಾಚಿತು. ಅವಳು ಬಿಡಲಿಲ್ಲ. ಒಮ್ಮೆಗೇ ಅದನ್ನು ಯಾವುದೋ ಹಿಡಿದು ಸೆಳೆಯಿತು. ನೀಲವ್ವ ಹಲ್ಲು ಕಚ್ಚಿದಳು. ದ್ಯಾಮವ್ವ ಕಾಲು ಊರಿ, ಮೈಯ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ಅದನ್ನು ತನ್ನ ಕಡೆಗೆ ಎಳೆದಳು. "ಬಾ," ಎಂದಳು. "ಬಾ ಈ ಕಡೆ." ನೀಲವ್ವನ ಎರಡು ಬಳೆ ಒಡೆದವು. ಬೆರಳುಗಳು ದ್ಯಾಮವ್ವನ ಅಂಗೈಯೊಳಗೆ ಬಿಗಿದವು, ಅದುರಿದವು, ಒಂದೊಂದಾಗಿ ಸಡಿಲಾದವು. ಆಮೇಲೆ ಅದು ಬರೀ ಗವಸು.

ದ್ಯಾಮವ್ವ ಬಹಳ ಹೊತ್ತು ಅದನ್ನು ಹಿಡಿದುಕೊಂಡೇ ಕುಳಿತಳು. ಹೊರಗೆ ಮೆಣಸಿನಕಾಯಿ ಘಾಟಿಗೆ ಯಾರೋ ಕೆಮ್ಮುತ್ತಿದ್ದರು.

"ಆ ಎಂಜಿನ್ ಶುರು ಮಾಡೂಮುಂದ ಇವನ್ನ ಕೇಳಿದ್ರೇನು?" ಎಂದಳು ಕೊನೆಗೆ.

"ಇಲ್ರಿ," ಎಂದಳು ಶಾಲ್ಮಲಾ. "ಯಾರೂ ಕೇಳಲಿಲ್ಲ."

"ಕಾಗದ ಕೊಡ್ರಿ."

ನೀಲವ್ವ ದೂರಿನ ಹಾಳೆಯನ್ನು ಚಾಪೆಯ ಮೇಲಿಟ್ಟಳು. ದ್ಯಾಮವ್ವ ಎರಡನೆಯ ತರಗತಿಯವರೆಗೆ ಕಲಿತವಳು. ಒಂದೊಂದು ಅಕ್ಷರವನ್ನೂ ಒತ್ತಿ ಒತ್ತಿ ತನ್ನ ಹೆಸರು ಬರೆದಳು. ಪೆನ್ನು ವಾಪಸು ಕೊಡಲು ಹೋಗಿ, ತಡೆದಳು. ಮತ್ತೆ ಬಾಗಿ, ಯಾರೂ ಕೇಳದಿದ್ದರೂ, ಕಂಪನಿಯ ಯಾವ ಪಟ್ಟಿಯಲ್ಲೂ ಇರದಿದ್ದ ಅವನ ಹೆಸರನ್ನು ತನ್ನ ಹೆಸರಿಗಿಂತ ದೊಡ್ಡದಾಗಿ ಅದರ ಕೆಳಗೆ ಬರೆದಳು.